ಚಪ್ಪಲಿ ಬಿಟ್ಟ ಜಾಗ

ಬ್ಯಾಂಕಾಕಿನ ಆ ದೇವಸ್ಥಾನದ ಬಾಗಿಲಲ್ಲಿ ಕಾವಲುಗಾರ ನನ್ನ ಬರಿ ಮೊಣಕಾಲಿನ ಕಡೆ ಬೆರಳು ತೋರಿಸಿ ತಲೆ ಅಲ್ಲಾಡಿಸಿದ. ಐವತ್ತೆರಡು ವರ್ಷಕ್ಕೆ ಮೊದಲ ಸಲ ಹೊರಗೆ ಚಡ್ಡಿ ಹಾಕಿಕೊಂಡು ಬಂದಿದ್ದೆ; ಫಾರಿನ್ನಿನಲ್ಲಿ ಎಲ್ಲರೂ ಹಾಗೇ ತಿರುಗುತ್ತಾರೆಂದು ಯಾರೋ ಹೇಳಿದ್ದರು. ಅವನು ಗುಲಾಬಿ ಹೂವಿನ ಲುಂಗಿಯೊಂದನ್ನು ತಂದು, ನೂರು ಜನರ ಎದುರಿಗೆ ತಾನೇ ನನ್ನ ಹೊಟ್ಟೆಗೆ ಸುತ್ತಿ ಗಂಟು ಹಾಕಿದ. ನನ್ನ ಹೆಂಡತಿ ಗುರುಲಿಂಗಮ್ಮ ನಗಲಿಲ್ಲ. ನನ್ನ ಸುತ್ತ ಒಂದು ಸುತ್ತು ಬಂದು ನೋಡಿ, “ಹಿಂದ ಚೂರು ಇಳದೈತ್ರಿ” ಅಂದಳು.

ಆಂಧ್ರದ ಆದೋನಿಯಲ್ಲಿ ನನ್ನದು ಬೀಜ, ಗೊಬ್ಬರದ ಅಂಗಡಿ. ಹತ್ತಿಬೀಜ ಹೆಚ್ಚು ಮಾರಿದ್ದಕ್ಕೆ ಕಂಪನಿಯವರು ಗಂಡ ಹೆಂಡತಿಗೆ ನಾಲ್ಕು ದಿನದ ಪ್ರವಾಸ ಕೊಟ್ಟಿದ್ದರು. ಮೊದಲ ದಿನ ಉಳಿದ ಡೀಲರುಗಳೆಲ್ಲ ಹೋಟೆಲಿನಲ್ಲಿ ಮಲಗಿದ್ದಾಗ, “ನಾವಿಬ್ಬರೇ ಊರು ನೋಡೋಣ ನಡಿ” ಎಂದ ಧೈರ್ಯಶಾಲಿ ನಾನೇ.

ಗುರುಲಿಂಗಮ್ಮ ಹುಟ್ಟಿದ್ದು ಆಸ್ಪರಿ ಕಡೆಯ ಹಳ್ಳಿಯಲ್ಲಿ. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಅವಳು ಕಂಡ ದೂರದ ಊರೆಂದರೆ ಶ್ರೀಶೈಲ. ಕನ್ನಡ, ತೆಲುಗು ಬಿಟ್ಟು ಬೇರೆ ಮಾತು ಬಾರದು. ಆ ಎರಡನ್ನೂ ಬೇಕಾದಷ್ಟೇ ಆಡುತ್ತಾಳೆ. ಶ್ರಾವಣದಲ್ಲಿ ಮನೆಮಂದಿಯೆಲ್ಲ ಉರುಕುಂದದ ಜಾತ್ರೆಗೆ ಹೋದಾಗ ಹದಿನೈದು ಜೋಡಿ ಚಪ್ಪಲಿ ಕಾಯುವವಳು ಅವಳೇ. ಆ ನೂಕುನುಗ್ಗಲಿಗೆಂದು ನಮ್ಮ ತಾಯಿ ಮಾಡಿಟ್ಟ ಕಾನೂನು ಒಂದಿತ್ತು: ತಪ್ಪಿಸಿಕೊಂಡವರು ಯಾರನ್ನೂ ಹುಡುಕುತ್ತ ಹೋಗಬಾರದು, ಚಪ್ಪಲಿ ಬಿಟ್ಟ ಜಾಗಕ್ಕೆ ಬಂದು ಕೂಡಬೇಕು. ವಿಮಾನ ಇಳಿದ ಮೇಲೂ ಗುರುಲಿಂಗಮ್ಮ ಅದನ್ನು ನೆನಪಿಸಿದ್ದಳು.

“ಕೈಯಾಗ ಫೋನ್ ಐತಿ, ಸುಮ್ಮನಿರು” ಎಂದು ನಾನು ನಕ್ಕಿದ್ದೆ.

ಫೋನು ಇದ್ದದ್ದು ನನ್ನ ಕೈಯಲ್ಲಿ. ಅವಳದು ಅಲ್ಲಿಯ ಸಿಮ್ ಇಲ್ಲದೆ ಹೋಟೆಲಿನಲ್ಲೇ ಮಲಗಿತ್ತು.

ಪ್ರವಾಸಕ್ಕೆಂದೇ ಕೊಂಡ ಹೊಸ ಚಪ್ಪಲಿಯನ್ನು ಅವಳ ಚಪ್ಪಲಿಯ ಪಕ್ಕ ಬಿಟ್ಟು ಒಳಗೆ ಹೋದೆ. ಚಿನ್ನದ ಗೋಪುರದ ಫೋಟೋ ತೆಗೆಯುವಾಗ ಕೊಡೆ ಹಿಡಿದ ಪ್ರವಾಸಿಗರ ದಂಡೊಂದು ನಮ್ಮ ನಡುವೆ ನುಗ್ಗಿತು. ದಂಡು ಸರಿದ ಮೇಲೆ ನೋಡಿದರೆ ಗುರುಲಿಂಗಮ್ಮ ಇಲ್ಲ.

ಮೊದಲು ಸಿಟ್ಟು ಬಂತು. ಆಮೇಲೆ ಇಬ್ಬರ ಪಾಸ್‌ಪೋರ್ಟೂ ನನ್ನ ಚೀಲದಲ್ಲಿದೆ ಎಂಬುದು ನೆನಪಾಯಿತು. ರೊಟ್ಟಿ, ಶೇಂಗಾಪುಡಿ, ಬೆಲ್ಲದ ಗಂಟೂ ಅದರಲ್ಲೇ ಇದೆ ಎಂದು ಹೊಳೆದಾಗ ಸಿಟ್ಟು ಇಳಿದುಹೋಯಿತು. ಅವಳಿಗೆ ಶುಗರ್. ಬೆಳಿಗ್ಗೆ ಮಾತ್ರೆ ನುಂಗಿ, ಹೋಟೆಲಿನ ತಿಂಡಿಯಲ್ಲಿ ಯಾವುದರಲ್ಲಿ ಏನು ಹಾಕಿದ್ದಾರೋ ಎಂದು ಒಂದೇ ಬಾಳೆಹಣ್ಣು ತಿಂದು ಎದ್ದಿದ್ದಳು. ಊಟದ ಹೊತ್ತು ಮೀರಿದರೆ ಸಕ್ಕರೆ ಇಳಿದು, ಬೆವೆತು ಬಿದ್ದುಬಿಡುತ್ತಾಳೆ. ಎರಡು ವರ್ಷದ ಹಿಂದೆ ಮಂತ್ರಾಲಯದ ಬಸ್‌ಸ್ಟ್ಯಾಂಡಿನಲ್ಲಿ ಹಾಗೇ ಬಿದ್ದಾಗ, ಸುತ್ತಲಿನವರಿಗೆ ನಮ್ಮ ಮಾತು ತಿಳಿಯುತ್ತಿತ್ತು. ಇಲ್ಲಿ ಬಿದ್ದರೆ?

ಹೋಟೆಲಿನಲ್ಲಿದ್ದ ಡೀಲರ್ ತಿಪ್ಪೇಶನಿಗೆ ಫೋನು ಮಾಡಿದೆ.

“ಏಮಿ ಕಾದು ಅಣ್ಣಾ, ಏನೂ ಆಗಂಗಿಲ್ಲ, ಮೈಕಿನ್ಯಾಗ ಹೆಸರು ಕೂಗಸ್ರಿ” ಎಂದು ಆಕಳಿಸಿದ.

“ಇಲ್ಲಿ ಮೈಕ್ ಎಲ್ಲೈತೋ ಮಾರಾಯಾ!”

ಲುಂಗಿ ಎತ್ತಿ ಹಿಡಿದು ಓಡಿದೆ. ಒಬ್ಬ ಕಾವಲುಗಾರನ ಮುಂದೆ ನಿಂತು ಹೆಂಡತಿಯನ್ನು ಅಭಿನಯಿಸಿದೆ: ಹಣೆಗೆ ಮೂರು ಬೆರಳೆಳೆದು ವಿಭೂತಿ, ಹೆಗಲ ಮೇಲೆ ಸೆರಗು. ಆತ ಭಕ್ತಿಯಿಂದ ಕೈಮುಗಿದು ಒಂದು ವಿಗ್ರಹದ ಕಡೆ ತೋರಿಸಿದ. ನೆರಳಲ್ಲಿ ಯಾರಾದರೂ ಕುಸಿದು ಕೂತಂತೆ ಕಂಡರೆ ಅತ್ತ ಓಡುತ್ತಿದ್ದೆ. ಒಮ್ಮೆ ಅದು ಮುದುಕನೊಬ್ಬ, ಒಮ್ಮೆ ಬರೀ ಚೀಲ. ಒಂದು ತಾಸಾಯಿತು. ಅವಳ ಹೆಸರು ಕೂಗಿ ಕೂಗಿ ದನಿ ಬಿದ್ದುಹೋಯಿತು.

ಕೊನೆಗೆ ಬುದ್ಧಿ ಕಲಿಸಿದ್ದು ಬಿಸಿಲು. ಕಾದ ಕಲ್ಲಿನ ಮೇಲೆ ಅಂಗಾಲು ಸುಟ್ಟು ಕುಣಿಯುತ್ತ, ಚಪ್ಪಲಿ ಎಲ್ಲಿ ಎಂದುಕೊಂಡೆ. ಆಗ ನಮ್ಮ ತಾಯಿಯ ಕಾನೂನು ನೆನಪಾಯಿತು.

ನಾಲ್ಕು ಬಾಗಿಲು, ನಾಲ್ಕೂ ಒಂದೇ ತರಹ, ಒಂದೊಂದರಲ್ಲೂ ಚಪ್ಪಲಿಯ ರಾಶಿ. ಮೂರನೆಯದರಲ್ಲಿ ಮಾತ್ರ ರಾಶಿ ಇರಲಿಲ್ಲ. ದೇಶವಿದೇಶದ ಚಪ್ಪಲಿಗಳು ಜೋಡಿಜೋಡಿಯಾಗಿ, ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದವು. ಸಾಲಿನ ಕೊನೆಗೆ ಗುರುಲಿಂಗಮ್ಮ ಗೋಡೆಗೆ ಒರಗಿದ್ದಳು. ನನ್ನ ಚಪ್ಪಲಿ ಅವಳ ತೊಡೆಯ ಮೇಲಿತ್ತು. ಹಣೆಯ ವಿಭೂತಿ ಬೆವರಿಗೆ ಕರಗಿ ಹೋಗಿತ್ತು. ಕೈ ಮುಟ್ಟಿದರೆ ತಣ್ಣಗಿತ್ತು, ಸಣ್ಣಗೆ ನಡುಗುತ್ತಿತ್ತು.

ಗಂಟು ಬಿಚ್ಚಿ ತಿನ್ನಿಸುವ ಅವಸರಕ್ಕೆ ಬೆಲ್ಲ ಅವಳ ಬಾಯಿಗಿಂತ ಸೆರಗಿಗೇ ಹೆಚ್ಚು ಬಿತ್ತು. ರೊಟ್ಟಿ ಮುರಿದು ಕೊಟ್ಟೆ. ಅವಳ ತುಟಿಗೆ ಬಣ್ಣ ಮರಳಿದ ಮೇಲೆ ಗದರಿದೆ:

“ಅಲ್ಲೇ ಹಣ್ಣು ಮಾರಾಕಿ ಅದಾಳ. ಕೈ ಮಾಡಿ ಒಂದು ಕೇಳಿದ್ರ ಕೊಡತಿದ್ದಿಲ್ಲೇನು?”

“ಜಾಗ ಬಿಟ್ಟು ಹೆಂಗ ಏಳಲಿ? ಅಷ್ಟರಾಗ ನೀವು ಬಂದಿದ್ರ?”

ಅವಳ ಪಕ್ಕ ಕೂತು, ಇಳಿದ ಲುಂಗಿ ಸರಿಮಾಡಿಕೊಳ್ಳುತ್ತ ಕೇಳಿದೆ:

“ಒಬ್ಬಾಕಿನ ಕುಂತಿದ್ದೆಲ್ಲ, ಹೆದರಿಕಿ ಆಗಲಿಲ್ಲೇನು?”

ಅವಳು ರೊಟ್ಟಿ ಅಗಿದು ನುಂಗಿದಳು. ನನ್ನ ಚಪ್ಪಲಿಯ ಧೂಳು ಒರೆಸಿ ಕಾಲ ಬಳಿ ಇಟ್ಟಳು.

“ಆತ್ರಿ. ಹೊಸಾವು ಅದಾವಲ್ಲ, ಯಾರರ ಮೆಟ್ಟಿಕೊಂಡು ಹೋದಾರಂತ.”