ಹುಳು ಮನೆ ಬಾಗಿಲಿನ ಮಾರುತಿಯ ಹಾರ್ಟು

ಕೋತಿಗೂ ಹಾರ್ಟ್ ಟ್ರಬಲ್ ಬರುತ್ತದೆ ಅಂತ ನಿಮಗೆ ಗೊತ್ತಿತ್ತೇ? ನನಗೆ ಗೊತ್ತಾದದ್ದು ಹೋದ ತಿಂಗಳು. ಅದೂ ನಮ್ಮ ಮನೆಯ ಕೋತಿಯಿಂದಲೇ.

ಮಾರುತಿ ನಮ್ಮ ರೇಷ್ಮೆ ಹುಳು ಮನೆಯ ಬಾಗಿಲಲ್ಲಿ ಐದು ವರ್ಷ ಸರಪಳಿಯಲ್ಲಿ ಕೂತಿದ್ದ. ಬೆಳೆಗೆ ದೃಷ್ಟಿ ತಾಗದಿರಲಿ ಅಂತ ನಾನೇ ತಂದು ಕಟ್ಟಿದ್ದೆ. (ಬಿ.ಎ. ಓದಿದವನು. ನಗಬೇಡಿ.) ರಾಮನಗರದ ಮಾರ್ಕೆಟ್ಟಿನಲ್ಲಿ ರೇಷ್ಮೆ ಗೂಡಿಗೆ ಒಳ್ಳೆಯ ರೇಟು ಸಿಕ್ಕಿದ ದಿನ ಮೊದಲ ಲಾಡು ಅವನಿಗೇ. ಈಗಂತೂ ಯಾರ ಗೂಡಿಗೆ ರೇಟು ಸಿಗುತ್ತಿಲ್ಲ ಹೇಳಿ? ಊರಿನವರೆಲ್ಲ ಮಾರ್ಕೆಟ್ಟಿನಿಂದ ನೇರ ನಮ್ಮ ಬಾಗಿಲಿಗೆ ಬರತೊಡಗಿದರು. ಲಾಡು, ಮೈಸೂರು ಪಾಕು, ಬೋಂಡ. ಮಾರುತಿ ಗುಂಡಗಾದ. ನಾವು ಅದನ್ನು ಊರಿನ ಏಳಿಗೆ ಅಂದುಕೊಂಡೆವು.

ಒಂದು ದಿನ ಕೂತಲ್ಲೇ ಏದುಸಿರು ಬಿಡತೊಡಗಿದ. ಲಾಡು ಮೂಸಿ ಕೆಳಗಿಟ್ಟ. ದನದ ಡಾಕ್ಟರು ಬಂದು ಅವನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಹಾರ್ಟ್ ಸೋತೋಗೈತೆ ಸಾ. ಏನ್ ತಿನ್ನಿಸ್ತಿದ್ರಿ?"

ಹೇಳಿದೆ.

"ಒಂದಿನಾನಾದ್ರೂ ಮರ ಹತ್ತವ್ನಾ?"

ಸರಪಳಿ ನಾಲ್ಕು ಅಡಿ. ಮರ ಎಲ್ಲಿಂದ ಹತ್ತುತ್ತಾನೆ?

"ಹೋಗ್ಲಿ, ನಿಮ್ ಹುಳ ಹೆಂಗ್ ಸಾಕ್ತೀರಿ?"

ಕೇಳಿದ್ದೇ ತಡ, ನನಗೆ ಹುರುಪು ಬಂತು. ಮರಿ ಹುಳುವಿಗೆ ಎಳೆ ಸೊಪ್ಪು, ಬಲಿತ ಹುಳುವಿಗೆ ಬಲಿತ ಸೊಪ್ಪು. ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಸೊಪ್ಪೇ ಇಲ್ಲ. ಇಕ್ಕಟ್ಟಾದರೆ ತಟ್ಟೆ ಬದಲು. ಗೋಡೆಗೆ ಥರ್ಮಾಮೀಟರ್. ಹೆಮ್ಮೆಯಿಂದ ಭಾಷಣವೇ ಬಿಗಿದೆ.

"ಹುಳಕ್ಕೆ ಇಷ್ಟೆಲ್ಲ ನೋಡ್ತೀರಲ್ಲ ಸಾ," ಅಂದು ಡಾಕ್ಟರು ಬ್ಯಾಗ್ ಮುಚ್ಚಿದರು.

ನನ್ನ ಹೆಂಡತಿ ಜಯಮ್ಮ ಸರಪಳಿ ಬಿಚ್ಚಿದಳು. ಹಿಪ್ಪುನೇರಳೆ ಹಣ್ಣು ತಂದು ಮುಂದಿಟ್ಟಳು. ಅವನು ಎರಡು ತಿಂದ. ಮೂರನೇ ದಿನ, ಶನಿವಾರ ಬೆಳಿಗ್ಗೆ, ಪ್ರಾಣ ಬಿಟ್ಟ. ನಾನು ಅತ್ತುಬಿಟ್ಟೆ.

"ಆಂಜನೇಯನ ವಾರವೇ ಹೋಗವ್ನೆ, ಪುಣ್ಯಾತ್ಮ!" ಅಂತ ಊರು ಸೇರಿತು. ತಮಟೆ, ಹೂವಿನ ಹಾರ, ಮೆರವಣಿಗೆ. ತೋಟದ ಮೂಲೆಯಲ್ಲಿ ಮಣ್ಣು ಮಾಡಿದೆವು. ಈಗ ಅಲ್ಲೊಂದು ಗುಡಿ ಏಳುತ್ತಿದೆ.

ನಿನ್ನೆ ನಾಲ್ಕು ಜನ ಹಿರಿಯರು ಮನೆಗೆ ಬಂದಿದ್ದರು. "ಐದು ವರ್ಸ ಮಗೀನಂಗೆ ಸಾಕ್ದೋರು ನೀವು. ಗುಡಿ ಕಮಿಟಿಗೆ ನೀವೇ ಅಧ್ಯಕ್ಷರಾಗ್ಬೇಕು ಕಣಪ್ಪ," ಅಂದರು.

ಒಪ್ಪಿಕೊಂಡೆ. ಕೊಂದವನಿಗಿಂತ ಹೆಚ್ಚಿನ ಅರ್ಹತೆ ಊರಿನಲ್ಲಿ ಇನ್ಯಾರಿಗಿದೆ?