ಕೋಲು ಹಾಕಿ ನೋಡದ ಗುಂಡಿ

ರಫ್ಸಂಜಾನ್ ಪಟ್ಟಣದ ಹೊರವಲಯದ ಪಿಸ್ತಾ ತೋಟದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಯದುಲ್ಲಾ ಗೋಡೆ ಪಕ್ಕದ ಸಾಲಿನಲ್ಲಿ, ಹೋದ ವಾರ ತಾನೇ ಮುಚ್ಚಿದ ಗುಂಡಿಗಳನ್ನು ಮತ್ತೆ ತೋಡುತ್ತಿದ್ದಾನೆ. ಯಾರೂ ತೋಡು ಅಂದಿಲ್ಲ, ಇದಕ್ಕೆ ಕೂಲಿಯೂ ಇಲ್ಲ. ಭಾರವನ್ನೆಲ್ಲ ಎಡಗೈ ಮೇಲೆ ಹಾಕುತ್ತಾನೆ; ಬಲ ಹೆಗಲು ಎರಡು ಚಳಿಗಾಲದಿಂದ ಮಾತು ಕೇಳುತ್ತಿಲ್ಲ.

ಚಳಿಗಾಲದಲ್ಲಿ ಮರದಿಂದ ತುಸು ದೂರಕ್ಕೆ ಮಂಡಿಯಾಳ ತೋಡಿ, ಕುರಿಗೊಬ್ಬರದ ಜೊತೆ ರಂಜಕದ ಹರಳುಗೊಬ್ಬರ ಬೆರೆಸಿ ಮುಚ್ಚುವುದು ಇವನ ಕಸುಬು. ಪಿಸ್ತಾ ತಿನ್ನುವವರಿಗೆ ಇವನ ಹೆಸರು ಎಲ್ಲಿ ಗೊತ್ತು!

"ರಂಜಕ ಮಹಾ ಸೋಮಾರಿ," ಅನ್ನುತ್ತಾನೆ. "ನಮ್ಮ ಸುಣ್ಣದ ಮಣ್ಣಲ್ಲಿ ಹಾಕಿದ ಕಡೇನೇ ಕೂತಿರುತ್ತೆ. ನೀರು ಹಾಯಿಸಿದ್ರೂ ಕೆಳಗಿಳಿಯಲ್ಲ. ಬೇರಿನ ಹತ್ರ ನಾವೇ ಇಟ್ಟು ಬರ್ಬೇಕು. ಸಿಗ್ಲಿಲ್ಲ ಅಂದ್ರೆ ಗಿಡ ಏಳಲ್ಲ. ಹಾಗಂತ ಒಂದೇ ಕಡೆ ಗುಡ್ಡೆ ಸುರಿದ್ರೆ ಸತುವನ್ನ ಬೇರಿಗೆ ಸೇರೋಕೆ ಬಿಡಲ್ಲ, ಎಲೆ ಇಲಿ ಕಿವಿಯಷ್ಟಾಗುತ್ತೆ."

ಇಷ್ಟೆಲ್ಲ ಬಲ್ಲವನೇ ಎರಡು ಚಳಿಗಾಲ ಈ ಸಾಲಿನಲ್ಲಿ ಬರೀ ಗೇಣು ಆಳ ತೋಡಿ, ಸುರಿದು, ಮುಚ್ಚಿದ್ದಾನೆ.

ನಿನ್ನೆ ತೋಟದೊಡತಿ ಸುಗ್ರಾ ಖಾನಂ ತೋಟ ನೋಡಲು ಬಂದ ಪತ್ರಿಕೆಯವರ ಮುಂದೆ ಇವನನ್ನು ಹೊಗಳಿದ್ದೇ ಹೊಗಳಿದ್ದು. "ಬೇರೆಯವರ ಗುಂಡಿಗೆ ಕೋಲು ಹಾಕಿ ಆಳ ನೋಡ್ತೀನಿ. ಯದುಲ್ಲಾನ ಗುಂಡಿಗೆ ಯಾಕೆ?" ಎಂದಳು. ಅದೇ ಉಸಿರಿನಲ್ಲಿ ಗೋಡೆ ಪಕ್ಕದ ಸಾಲು ತೋರಿಸಿದಳು. "ಈ ಮರಗಳು ಮಾತ್ರ ಕೆಟ್ಟವು. ಬಾವಿಯ ಉಪ್ಪೋ, ಯಾರ ಕಣ್ಣೋ. ಶನಿವಾರ ಕಡಿಸ್ತೀನಿ."

ಕುಂಬಳಕಾಯಿ ಕಳ್ಳನ ಹಾಗೆ ಯದುಲ್ಲಾನ ಕೈ ಹೆಗಲಿಗೆ ಹೋಯಿತು. ನೆಲ ಬಾಯಿ ಬಿಟ್ಟರೆ ಸಾಕಿತ್ತು.

ಈಗ ಖಾನಂ ಚಹಾದ ಫ್ಲಾಸ್ಕ್ ಹಿಡಿದು ಬಂದಿದ್ದಾಳೆ. ಗುಂಡಿಯಲ್ಲಿ ಒಂದು ಗೇಣು ಕೆಳಗೇ ಹಳೆಯ ರಂಜಕದ ಬೂದು ಹರಳುಗಳು ಹಾಗೇ ಕೂತಿವೆ.

"ಇದೇನು, ಮುಚ್ಚಿದ್ದನ್ನ ಮತ್ತೆ ತೆಗೀತಿದ್ದೀಯ?"

"ಬಾವಿದು ತಪ್ಪಲ್ಲ ಖಾನಂ. ನನ್ನದು. ಹೆಗಲು ಆಗ್ಲಿಲ್ಲ, ಮೇಲ್ಮೇಲೆ ಮುಚ್ಬಿಟ್ಟೆ. ನೀವು ನಿನ್ನೆ ಹಂಗಂದ್ರಲ್ಲ, ನಾಚಿಕೆಯಿಂದ ನಿದ್ದೆ ಬರ್ಲಿಲ್ಲ."

"ಬಾಯಿಬಿಟ್ಟು ಹೇಳಿದ್ರೆ ಏನು ಹೋಗ್ತಿತ್ತು?"

"ಕೆಲಸ."

"ಹೋಗೋ ಹುಚ್ಚಪ್ಪ. ಜೊತೆಗೊಂದು ಆಳು ಕೊಡ್ತಿದ್ನಲ್ಲೋ. ಆ ಮರಗಳಿಗಾದ್ರೂ ಬಾಯಿಲ್ಲ, ನಿನಗೇನಾಗಿತ್ತು?"

ಖಾನಂ ಸಾಲಿನ ಕಡೆ ತಿರುಗುತ್ತಾಳೆ. ಕಡಿಯುವವನಿಗೆ ಈ ವರ್ಷ ಬರಬೇಡ ಎಂದು ಹೇಳಿ ಕಳಿಸುತ್ತೇನೆ ಎನ್ನುತ್ತಾಳೆ. ಚಹಾ ಬಗ್ಗಿಸಿ ಕೊಟ್ಟು ಹೊರಡುತ್ತಾಳೆ.

"ಖಾನಂ," ಯದುಲ್ಲಾ ಕರೆಯುತ್ತಾನೆ. ಗುಂಡಿಯ ಪಕ್ಕ ಬಿದ್ದಿದ್ದ ಪಿಸ್ತಾ ಮರದ ಕೋಲನ್ನು ಎತ್ತಿ ಅವಳ ಮುಂದೆ ಹಿಡಿಯುತ್ತಾನೆ. "ನನ್ನದಕ್ಕೂ ಹಾಕಿ ನೋಡಿ."