ಕೆಂಪು ಗೀಟು ಎಳೆದ ಓಟ

ಮೊನ್ನೆ ಮುನವಳ್ಳಿಯ ಶಾಲೆಯೊಂದರ ಕ್ರೀಡಾಕೂಟಕ್ಕೆ ನಾನು ಹೊಲಿದ ಬನಿಯನ್ನುಗಳನ್ನು ಕೊಡಲು ಹೋಗಿದ್ದೆ. ಮೈದಾನದಲ್ಲಿ ಯಾರೋ ಸುಣ್ಣದ ಪುಡಿ ಉದುರಿಸಿ ಗೆರೆ ಎಳೆಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಸುಣ್ಣ ಎಂದರೆ ನನಗೆ ಇಂದಿಗೂ ನಮ್ಮ ಪಿ.ಟಿ. ಮಾಸ್ತರರೇ...

ಯರಗಟ್ಟಿಯಲ್ಲಿ ನಾನು ಹೈಸ್ಕೂಲು ಓದುವಾಗ ಅವರಿದ್ದರು. ಬಾಯಲ್ಲಿ ಸದಾ ಸುಣ್ಣ ತಿಕ್ಕಿದ ತಂಬಾಕು. ಅದೇ ಬಾಯಿಂದ ಸೀಟಿ ಊದುತ್ತಿದ್ದರು, ಸೀಟಿಯ ತುದಿಯಿಂದ ಕಂದು ಜೊಲ್ಲು ಇಳಿಯುತ್ತಿತ್ತು. ಅದನ್ನು ಅಂಗಿಗೇ ಒರೆಸಿಕೊಂಡು ನಮ್ಮ ತಲೆ ಸವರುತ್ತಿದ್ದರು. ಹೇಸಿಗೆಯಾದರೂ ಸಹಿಸಿಕೊಳ್ಳುತ್ತಿದ್ದೆವು. ಏಕೆಂದರೆ ಎರೆಮಣ್ಣಿನಲ್ಲಿ ಹೇಗೆ ಓಡಬೇಕು, ಉಸಿರನ್ನು ಎಲ್ಲಿ ಉಳಿಸಿಕೊಳ್ಳಬೇಕು ಎಂದು ಕಲಿಸಿದವರು ಅವರೇ.

ಓಟಕ್ಕೊಂದು ನೋಟುಬುಕ್ಕು ಇಡಿಸಿದವರೂ ಅವರೇ. "ಗೆದ್ರೂ ಬರಿ, ಸೋತ್ರೂ ಬರಿ. ಬರೀಲಿಲ್ಲಂದ್ರ ನೀ ಓಡೇ ಇಲ್ಲ ಅಂತ ತಿಳಕೋ," ಎನ್ನುತ್ತಿದ್ದರು. ನಾನು ಬರೆದೆ. ನೇಸರಗಿಯಲ್ಲಿ ಕಾಲು ಉಳುಕಿ ಕೊನೆಯವಳಾಗಿ ಬಂದದ್ದನ್ನೂ ಬರೆದೆ. ಪ್ರತಿ ಓಟದ ಕೆಳಗೆ ಅವರು ಸಹಿ ಹಾಕುತ್ತಿದ್ದರು. ಆ ಸಹಿ ಬಿದ್ದ ಮೇಲೆ ಸೋಲು ಕೂಡ ನನ್ನ ಸ್ವಂತದ್ದು ಅನ್ನಿಸುತ್ತಿತ್ತು. ನಮ್ಮ ಮನೆಯಲ್ಲಿ ನನ್ನದೆನ್ನುವಂಥದ್ದು ಬೇರೇನೂ ಇರಲಿಲ್ಲ.

ಜಿಲ್ಲಾ ಕೂಟದ ದಿನ ಓಟಕ್ಕೆ ಮೊದಲು ಅವರು ನನ್ನನ್ನು ಟೆಂಟಿನ ಹಿಂದೆ ಕರೆದರು. ಶಾಲಾ ಕಮಿಟಿ ಅಧ್ಯಕ್ಷರ ಮಗಳ ಹೆಸರಿಗೆ ಕೊಟ್ಟಿದ್ದ ನಂಬರಿನ ಚೀಟಿಯನ್ನು ನನ್ನ ಎದೆಗೆ ಪಿನ್ನಿನಿಂದ ಚುಚ್ಚಿದರು. ಆ ಹುಡುಗಿಗೆ ಕಾಲೇಜಿನ ಸೀಟಿಗೆ ಸರ್ಟಿಫಿಕೇಟು ಬೇಕಾಗಿತ್ತಂತೆ. ಅವಳು ನೆರಳಲ್ಲಿ ಕುಂತು ಚುರುಮುರಿ ತಿನ್ನುತ್ತಿದ್ದಳು. ನಾನು ಓಡಿದೆ. ಅಂದಿನಂತೆ ನಾನು ಹಿಂದೆಂದೂ ಓಡಿರಲಿಲ್ಲ, ಮುಂದೆಯೂ ಓಡಲಿಲ್ಲ. ಮೈಕಿನಲ್ಲಿ ಮೊದಲ ಸ್ಥಾನ ಎಂದು ಅವಳ ಹೆಸರು ಕೂಗಿದರು. ಬಾಯಿ ಒರೆಸಿಕೊಂಡು ಎದ್ದು ಹೋಗಿ ಪದಕಕ್ಕೆ ಕೊರಳು ಕೊಟ್ಟಳು.

ಮರುದಿನ ನಾನು ಆ ಓಟವನ್ನು ಬರೆದು ಸಹಿಗೆ ಹಿಡಿದೆ. ಮಾಸ್ತರರು ಕೆಂಪು ಪೆನ್ನಿನಿಂದ ಅಡ್ಡ ಗೀಟು ಎಳೆದರು.

"ಕಾಲ ಯಾರೂವ್ರಿ ಸರ?" ಎಂದೆ.

"ಕಾಲ ನಿನ್ನವು, ಹೆಸರು ಆಕೀದು. ಸುಮ್ನ ಕುಂಡ್ರ ಹೋಗ."

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಆಮೇಲೆ ನಾನು ಓಡಲಿಲ್ಲ, ಬರೆಯಲೂ ಇಲ್ಲ. ಅಧ್ಯಕ್ಷರ ಮಗಳು ಈಗ ಧಾರವಾಡದಲ್ಲಿದ್ದಾಳೆ. ಆ ಓಟದ ಕಥೆಯನ್ನು ಮಕ್ಕಳಿಗೆ ಕಣ್ಣಿಗೆ ಕಟ್ಟುವಂತೆ ಹೇಳುತ್ತಾಳಂತೆ, ಕೊನೆಯ ತಿರುವಿನಲ್ಲಿ ಉಸಿರು ಕಟ್ಟಿದ್ದನ್ನೂ ಸೇರಿಸಿ! ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಮೊನ್ನೆ ಗೆರೆ ಎಳೆದು ಮುಗಿದ ಮೇಲೆ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿದರು. ಕೊನೆಗೆ ಇದೇ ಶಾಲೆಯಿಂದ ನಿವೃತ್ತರಾಗಿದ್ದ ನಮ್ಮ ಮಾಸ್ತರರು ಹೋದ ತಿಂಗಳು ತೀರಿಕೊಂಡರಂತೆ, ನನಗೆ ಗೊತ್ತೇ ಇರಲಿಲ್ಲ. ಅವರ ಗುಣಗಾನ ಓದಿದರು. ಅದರಲ್ಲಿ ಅವಳ ಹೆಸರು ಬಂತು, ಅವರು ತಯಾರು ಮಾಡಿದ ಅತ್ಯುತ್ತಮ ಓಟಗಾರ್ತಿ ಎಂದು. ಪಕ್ಕದಲ್ಲಿದ್ದ ಟೀಚರು ಕಣ್ಣೊರೆಸಿಕೊಂಡು, "ಎಂಥಾ ಮನಷ್ಯಾರು ಇದ್ರು ಅಲ್ರೀ ಅಕ್ಕಾರ?" ಎಂದರು. ಅಷ್ಟರಲ್ಲಿ ಮೈಕಿನಲ್ಲಿ ಮೌನಾಚರಣೆ ಎಂದರು, ನಾನೂ ಎಲ್ಲರಂತೆ ಕೈಕಟ್ಟಿ ನಿಂತೆ.

ಎಂದಾದರೂ ಒಂದು ದಿನ ಮಾಸ್ತರರೆದುರು ನಿಂತು, ಅವತ್ತು ಓಡಿದ್ದು ಯಾರು ಹೇಳಿರಿ ಎಂದು ಕೇಳಬೇಕೆಂದಿದ್ದೆ. ಆ ಓಟಕ್ಕೆ ನನ್ನ ಹೆಸರು ಹೇಳಬಹುದಾಗಿದ್ದ ಬಾಯಿ ಅದೊಂದೇ, ತಂಬಾಕಿನ ಆ ಹೊಲಸು ಬಾಯಿ. ಈಗ ಅದೂ ಇಲ್ಲ. ತಲೆ ತಗ್ಗಿಸಿ ನಿಂತಲ್ಲೇ ನನಗೆ ಅಳು ಬಂತು... ಆ ಮನುಷ್ಯನಿಗಾಗಿ ಅಳು ಬಂತಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.